ನಿದ್ದೆ ಪ್ರಿಡಿಕ್ಷನ್ ಪ್ರಾಜೆಕ್ಟ್: ಅಕ್ಯುರೆಸಿ ಜಾಸ್ತಿ ಬಂತು, ನನಗೇ ನಂಬಿಕೆ ಬರ್ತಿಲ್ಲ

ಎಂಟೆಕ್_ಹುಡುಗಿ:

ನಮಸ್ಕಾರ ಎಲ್ಲರಿಗೂ. ದಾವಣಗೆರೆಯಲ್ಲಿ ಎಂಟೆಕ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ ಸ್ಮಾರ್ಟ್ ಹೋಮ್‌ನಲ್ಲಿ ಇರುವವರ ನಿದ್ದೆ. ಇವತ್ತು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ನಡುವೆ ಎಷ್ಟು ಸಲ ಎಚ್ಚರಾಗುತ್ತಾರೆ, ಇದನ್ನೆಲ್ಲ ಸೆನ್ಸರ್ ಡೇಟಾ ನೋಡಿ ಮೊದಲೇ ಹೇಳಬೇಕು. ಸೆನ್ಸರ್ ಹಾಕಿದ ಮನೆ ನಮಗೆಲ್ಲಿ ಸಿಗಬೇಕು? ಹಾಗಾಗಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕಾಸಾಸ್ ತಂಡದವರು ಎಲ್ಲರಿಗೂ ಸಿಗುವಂತೆ ಬಿಟ್ಟಿರುವ ಡೇಟಾದಲ್ಲಿ ‘ಅರೂಬಾ’ ಅನ್ನುವುದನ್ನು ತಗೊಂಡಿದ್ದೇನೆ. ಅರೂಬಾ ದ್ವೀಪದಲ್ಲಿ ಒಬ್ಬರೇ ಇರುವ ಹೆಂಗಸಿನ ಮನೆ. 31 ಮೋಷನ್ ಸೆನ್ಸರ್, ಬಾಗಿಲಿಗೆ 4, ಟೆಂಪರೇಚರ್‌ಗೆ 5. 2010ರ ನವೆಂಬರ್ 4ರಿಂದ 2011ರ ಜೂನ್ 11ರವರೆಗಿನ ಡೇಟಾ. ಅದರಲ್ಲಿ ನಿದ್ದೆ ಅಂತ ಗುರುತು ಹಾಕಿದ್ದು 401 ಸಲ, ಅಂದರೆ 401 ರಾತ್ರಿ ಇದೆ, ಸಾಕಲ್ವಾ?

ಮಾಡಿದ್ದು ಇಷ್ಟು. 20 ಈವೆಂಟ್‌ಗೆ ಒಂದು ವಿಂಡೋ (ತುಂಡು) ಅಂತ ಕತ್ತರಿಸಿದೆ; ಸೆನ್ಸರ್ ಒಂದು ಸಲ ಆನ್ ಅಥವಾ ಆಫ್ ಆದರೆ ಅದು ಒಂದು ಈವೆಂಟ್. ಫೀಚರ್‌ಗಳು (ಮಾಡೆಲ್‌ಗೆ ಕೊಡುವ ಮಾಹಿತಿ) ಗಂಟೆ, ವಾರದ ಯಾವ ದಿನ, ಯಾವ ಸೆನ್ಸರ್ ಎಷ್ಟು ಸಲ ಆನ್ ಆಯಿತು, ಆಮೇಲೆ ‘ಮೌನದ ಅವಧಿ’ ಅಂತ ಒಂದು, ಅಂದರೆ ಸೆನ್ಸರ್‌ಗಳು ಎಷ್ಟು ಹೊತ್ತು ಸುಮ್ಮನಿದ್ದವು ಅನ್ನುವುದು. ರ‍್ಯಾಂಡಮ್ ಆಗಿ 80-20 (80 ಕಲಿಸೋಕೆ, 20 ಪರೀಕ್ಷೆಗೆ) ಒಡೆದು ರ‍್ಯಾಂಡಮ್ ಫಾರೆಸ್ಟ್ ಅನ್ನುವ ಮಾಡೆಲ್ ಓಡಿಸಿದೆ. ನಿದ್ದೆಯೋ ಅಲ್ಲವೋ ಅನ್ನುವುದಕ್ಕೆ ಅಕ್ಯುರೆಸಿ ನೂರಕ್ಕೆ 97ರ ಮೇಲೆ ಬಂತು. ಗೈಡ್ ಖುಷಿಯಾಗಿ ‘ಇದಕ್ಕೊಂದು ಎಲ್‌ಎಸ್‌ಟಿಎಂ ಸೇರಿಸು, ಪೇಪರ್ ಮಾಡೋಣ’ ಅಂದರು. (ಎಲ್‌ಎಸ್‌ಟಿಎಂ ಅಂದರೆ ಸಾಲಾಗಿ ಬರುವ ಡೇಟಾದಿಂದ ಕಲಿಯುವ ಒಂದು ನ್ಯೂರಲ್ ನೆಟ್‌ವರ್ಕ್.)

ನನಗೆ ಯಾಕೋ ಸಮಾಧಾನ ಇಲ್ಲ. ಪಿಯುಸಿ ಲ್ಯಾಬ್‌ನಲ್ಲಿ ಎಲ್ಲ ರೀಡಿಂಗೂ ಗ್ರಾಫಿನ ಗೆರೆ ಮೇಲೆ ಸರಿಯಾಗಿ ಕೂತರೆ ನಮ್ಮ ಲೆಕ್ಚರರ್ ‘ಯಾರ ರೆಕಾರ್ಡ್ ನೋಡಿ ಬರೆದೆ’ ಅಂತ ಕೇಳುತ್ತಿದ್ದರು. ಈಗ ಆ ಅನುಮಾನ ನನ್ನ ಮೇಲೆ ನನಗೇ ಬಂದಿದೆ. ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳುತ್ತೀರಾ?


ಹಳೇ_ಪೈಥಾನ್:

ಮೊದಲು ಒಂದು ಸಣ್ಣ ವಿಷಯ, ವೈವಾದಲ್ಲಿ ನಗೆಪಾಟಲು ಆಗಬಾರದು ಅಂತ ಹೇಳುತ್ತಿದ್ದೇನೆ. ಅರೂಬಾ ಅನ್ನುವುದು ಆ ಮನೆಗೆ ಇಟ್ಟ ಗುಟ್ಟಿನ ಹೆಸರು, ದ್ವೀಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವರು ಹೀಗೇ ಊರುಗಳ ಹೆಸರು ಇಡುತ್ತಾರೆ. ಮಿಲಾನ್, ಕೈರೋ, ಕ್ಯೋಟೋ, ತುಲುಮ್ ಅಂತೆಲ್ಲ ಇವೆ. ಕ್ಯೋಟೋ ಅನ್ನುವುದು ಅವರ ಕ್ಯಾಂಪಸ್ಸಿನಲ್ಲೇ ಇರುವ ಒಂದು ಅಪಾರ್ಟ್‌ಮೆಂಟು!

ಈಗ ಡೇಟಾ. ಫೈಲ್ ತೆರೆದು ಮೊದಲ ರಾತ್ರಿಯನ್ನು ಕಣ್ಣಾರೆ ಓದಿದ್ದೀರಾ? ಪ್ಯಾಂಡಾಸ್‌ಗೆ (ಪೈಥಾನ್‌ನಲ್ಲಿ ಡೇಟಾ ಟೇಬಲ್ ಓದುವ ಸಾಧನ) ಹಾಕುವ ಮುಂಚೆ ಸುಮ್ನೆ ಒಂದು ನೂರು ಸಾಲು ಓದಿ, ನಾನು ಎಲ್ಲರಿಗೂ ಹೇಳುವುದು ಇದೇ. ಮೊದಲ ಸಾಲೇ ನವೆಂಬರ್ 4, ರಾತ್ರಿ 12 ಗಂಟೆ 3 ನಿಮಿಷ 50 ಸೆಕೆಂಡು, ಎಂ003 (ಬೆಡ್‌ರೂಮಿನ ಮೋಷನ್ ಸೆನ್ಸರ್) ಆನ್, ‘ನಿದ್ದೆ ಶುರು’. ಆ ಅಮ್ಮ ಸರಿಯಾಗಿ 12:03ಕ್ಕೇ ಮಲಗಿದರು ಅಂದುಕೊಂಡಿರಾ? ಅಲ್ಲ. ಡೇಟಾ ಶುರುವಾಗಿದ್ದೇ ಆಗ. ಅವರು ಹತ್ತಕ್ಕೇ ಮಲಗಿದ್ದಿರಬಹುದು, ನಮಗೆ ಗೊತ್ತಾಗಲ್ಲ. ಆ ರಾತ್ರಿಯ ಮಲಗಿದ ಹೊತ್ತು ಲೆಕ್ಕಕ್ಕೇ ಇಲ್ಲ, ಅದನ್ನು ತೆಗೆದುಹಾಕಿ.

ಮುಂದೆ ಓದಿ. 5:40ಕ್ಕೆ ಎಂ003 ಆಫ್, ‘ನಿದ್ದೆ ಮುಗಿಯಿತು’. ಕೆಲವು ಸೆಕೆಂಡಿಗೆ ಎಂ004 ಆನ್, ‘ಹಾಸಿಗೆಯಿಂದ ಟಾಯ್ಲೆಟ್‌ಗೆ’. 5:43ಕ್ಕೆ ವಾಪಸ್ಸು, ಮತ್ತೆ ‘ನಿದ್ದೆ ಶುರು’. 8:01ಕ್ಕೆ ‘ನಿದ್ದೆ ಮುಗಿಯಿತು’. ಆಮೇಲೆ ಹತ್ತು ನಿಮಿಷ ಬಿಟ್ಟು ಅಡುಗೆಮನೆ. ಅಂದರೆ ಒಂದೇ ರಾತ್ರಿಗೆ ಎರಡು ‘ನಿದ್ದೆ’. ನಿಮ್ಮ 401 ರಾತ್ರಿ ಹಾರಿಹೋಯಿತಲ್ಲ. ನವೆಂಬರ್ 4ರಿಂದ ಜೂನ್ 11ಕ್ಕೆ ಬೆರಳು ಎಣಿಸಿದರೂ 220 ದಿನ, 401 ರಾತ್ರಿ ಎಲ್ಲಿಂದ ಬರುತ್ತದೆ ಹೇಳಿ. ಅದೇ ಡೇಟಾದಲ್ಲಿ ಟಾಯ್ಲೆಟ್ ಗುರುತು 157 ಸಲ ಇದೆ. 401ರಲ್ಲಿ 157 ಕಳೆಯಿರಿ, 244. ಅದರಲ್ಲಿ ಹಗಲು ನಿದ್ದೆ ಒಂದಷ್ಟು ಅಂದುಕೊಂಡರೆ ಲೆಕ್ಕ ಹೆಚ್ಚುಕಮ್ಮಿ ಕೂಡುತ್ತದೆ. ನಿಮ್ಮ ಹತ್ತಿರ ಇರುವುದು 220ಕ್ಕೂ ಕಡಿಮೆ ರಾತ್ರಿ, ಅದೂ ಒಬ್ಬರದ್ದೇ. ಅದಕ್ಕೆ ಎಲ್‌ಎಸ್‌ಟಿಎಂ ಹಾಕುವುದು ಅಂದರೆ ಸೊಳ್ಳೆ ಹೊಡೆಯೋಕೆ ಜೆಸಿಬಿ ತರಿಸಿದ ಹಾಗೆ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಈಗ. ಆ ‘ಮೌನದ ಅವಧಿ’ ಇದೆಯಲ್ಲ, ಅದನ್ನು ಹಿಂದಿನ ಈವೆಂಟಿನಿಂದ ಲೆಕ್ಕ ಹಾಕಿದ್ದೀರಾ, ಮುಂದಿನ ಈವೆಂಟಿನವರೆಗಾ?


ಎಂಟೆಕ್_ಹುಡುಗಿ:

ಈಗ ಕೋಡ್ ನೋಡಿದೆ ಸರ್. ಮುಂದಿನದರವರೆಗೆ. ಶಿಫ್ಟ್‌ನಲ್ಲಿ ಮೈನಸ್ ಒಂದು ಹಾಕಿದ್ದೇನೆ, ಅಂದರೆ ಮುಂದಿನ ಸಾಲಿನ ಸಮಯ ತಗೊಂಡಿದ್ದೇನೆ.

ಅಯ್ಯೋ.


ಹಳೇ_ಪೈಥಾನ್:

ಸರ್ ಬೇಡ, ನಾನೂ ಮಾಡಿದ ತಪ್ಪೇ ಇದು. ಗಾಬರಿ ಆಗಬೇಡಿ.

ಬೇರೆಯವರಿಗೂ ತಿಳಿಯಲಿ ಅಂತ ಬಿಡಿಸಿ ಹೇಳುತ್ತೇನೆ. ರಾತ್ರಿ 11:10ಕ್ಕೆ ಹಾಸಿಗೆ ಹತ್ತಿರದ ಸೆನ್ಸರ್ ಆಫ್ ಆಯಿತು ಅಂದುಕೊಳ್ಳಿ. ಮುಂದಿನ ಈವೆಂಟು ಬೆಳಗಿನ ಜಾವ 3ಕ್ಕೆ. ಈ ಸಾಲಿಗೆ ‘ಮೌನ 3 ಗಂಟೆ 50 ನಿಮಿಷ’ ಅಂತ ಬರೆದು ಮಾಡೆಲ್‌ಗೆ ಕೊಟ್ಟರೆ ಅದು ‘ಮಲಗಿದ್ದಾರೆ’ ಅನ್ನುತ್ತದೆ. ಯಾರು ಬೇಕಾದರೂ ಅನ್ನುತ್ತಾರೆ. ಆದರೆ 11:10ರಲ್ಲಿ ನಿಂತವನಿಗೆ 3 ಗಂಟೆಯವರೆಗೆ ಯಾರೂ ಅಲ್ಲಾಡಲ್ಲ ಅಂತ ಹೇಗೆ ಗೊತ್ತಾಗಬೇಕು? ನಾಳೆಯ ಪೇಪರ್ ಓದಿ ಇವತ್ತು ಭವಿಷ್ಯ ಹೇಳಿದಂತೆ ಆಯಿತು.

ರ‍್ಯಾಂಡಮ್ ಸ್ಪ್ಲಿಟ್ಟೂ ಇದೇ ಜಾತಿಯ ತಪ್ಪು, ಸ್ವಲ್ಪ ಮರ್ಯಾದಸ್ಥ ಅಷ್ಟೇ. ಒಂದೇ ರಾತ್ರಿಯ ವಿಂಡೋಗಳು ಕೆಲವು ಟ್ರೈನಿಂಗ್‌ಗೆ, ಪಕ್ಕದವೇ ಕೆಲವು ಟೆಸ್ಟಿಂಗ್‌ಗೆ ಹೋಗಿವೆ. ಮಾಡೆಲ್ ಆ ರಾತ್ರಿಯನ್ನು ಮೊದಲೇ ಅರ್ಧ ನೋಡಿಬಿಟ್ಟಿದೆ. ನವೆಂಬರ್‌ನಿಂದ ಶುರು ಮಾಡಿ ಇವತ್ತಿನವರೆಗಿನದನ್ನು ಕಲಿಸಿ, ನಾಳೆ ಒಂದೇ ದಿನ ಕೇಳಿ. ಆಮೇಲೆ ನಾಳೆಯನ್ನೂ ಸೇರಿಸಿ ಕಲಿಸಿ, ನಾಡಿದ್ದು ಕೇಳಿ. ನಿಧಾನ ಆಗುತ್ತದೆ, ಆಗಲಿ.

20 ಈವೆಂಟಿನ ವಿಂಡೋ ಬಗ್ಗೆಯೂ ಒಂದು ಮಾತು. ಅಡುಗೆ ಮಾಡುವಾಗ 20 ಈವೆಂಟು ಒಂದು ನಿಮಿಷದಲ್ಲಿ ಮುಗಿಯಬಹುದು. ನಿದ್ದೆಯಲ್ಲಿ ಅದೇ 20ಕ್ಕೆ ಗಂಟೆಗಟ್ಟಲೆ ಬೇಕಾಗಬಹುದು. ಹಾಗಾಗಿ ಈವೆಂಟ್ ಲೆಕ್ಕದ ಅಕ್ಯುರೆಸಿ ಅಂದರೆ ಓಡಾಡುವ ಹೊತ್ತಿನ ಅಕ್ಯುರೆಸಿ. ನಿಮಗೆ ಬೇಕಾದ್ದು ಮಲಗಿದ ಹೊತ್ತು. ನಿದ್ದೆ ವಿಷಯಕ್ಕೆ ಒಂದೊಂದು ನಿಮಿಷಕ್ಕೆ ಒಂದು ಸಾಲು ಮಾಡಿಕೊಳ್ಳಿ, ಈವೆಂಟ್ ಇರಲಿ ಬಿಡಲಿ.


ಸುಮ್ನೆ_ಓದೋನು:

ಇಷ್ಟೆಲ್ಲ ಯಾಕೆ, ಒಂದು ಸ್ಮಾರ್ಟ್ ವಾಚ್ ಕಟ್ಟಿದರೆ ಅದೇ ನಿದ್ದೆ ತೋರಿಸುತ್ತೆ ಅಲ್ವಾ?


ರಾತ್ರಿಪಾಳಿ:

ವಾಚಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಮಂಗಳೂರಿನಲ್ಲಿ ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್ ಕೆಲಸ, ರಾತ್ರಿಯೆಲ್ಲ ಬೇರೆಯವರು ನಿದ್ದೆ ಮಾಡುವುದನ್ನು ನೋಡುವುದೇ ನನ್ನ ಸಂಬಳ. ಕೋಡಿಂಗ್ ಬರಲ್ಲ.

ನಿದ್ದೆ ಬಂತು ಅಂತ ಖಚಿತವಾಗಿ ಹೇಳಬೇಕಾದರೆ ಮೆದುಳಿನ ಅಲೆ ನೋಡಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವೈರು ಅಂಟಿಸುತ್ತೇವೆ. ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ಕೊಳವೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು. ಬರುವ ಮುಂಚೆ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ ಅಂತ ಫೋನ್ ಮಾಡಿ ಹೇಳಿರುತ್ತೇವೆ, ಆದರೂ ನಮ್ಮ ಕಡೆಯವರು ತೆಂಗಿನೆಣ್ಣೆ ಹಚ್ಚಿಕೊಂಡೇ ಬರುತ್ತಾರೆ, ಎಲೆಕ್ಟ್ರೋಡ್ ನಿಲ್ಲಲ್ಲ, ರಾತ್ರಿ ಹತ್ತಕ್ಕೆ ಹತ್ತಿ ಹಿಡಿದು ತಲೆ ಒರೆಸುತ್ತಾ ನಿಲ್ಲಬೇಕು. ಆಮೇಲೆ ಇಡೀ ರಾತ್ರಿಯ ರೆಕಾರ್ಡನ್ನು 30 ಸೆಕೆಂಡಿಗೆ ಒಂದರಂತೆ ತುಂಡು ಮಾಡಿ, ಒಂದೊಂದು ತುಂಡಿಗೂ ಎಚ್ಚರವೋ, ಯಾವ ಹಂತದ ನಿದ್ದೆಯೋ ಅಂತ ಗುರುತು ಹಾಕುತ್ತೇವೆ. ಇಷ್ಟು ಮಾಡಿದರೂ ನಾನು ಹಾಕಿದ ಗುರುತಿಗೂ ಪಕ್ಕದವರು ಹಾಕಿದ್ದಕ್ಕೂ ಎಲ್ಲ ಕಡೆ ತಾಳೆ ಆಗಲ್ಲ. ಅದರಲ್ಲೂ ಆಗಷ್ಟೇ ಜೊಂಪು ಹತ್ತಿದ ಹಂತದಲ್ಲಿ ಎಬ್ಬಿಸಿದರೆ ಎಷ್ಟೋ ಜನ ‘ನಾನೆಲ್ಲಿ ಮಲಗಿದ್ದೆ’ ಅನ್ನುತ್ತಾರೆ.

ಇನ್ನು ವಾಚು. ಕೈ ಅಲ್ಲಾಡಿದ್ದನ್ನು ಅಳೆದು ನಿದ್ದೆ ಹೇಳುವ ವಿದ್ಯೆ ಹಳೆಯದು. ಕೋಲ್ ಮತ್ತು ಕ್ರಿಪ್ಕಿ ಅವರ ತಂಡದ 1992ರ ಸೂತ್ರ ಈಗಲೂ ಬಳಕೆಯಲ್ಲಿದೆ. ಈಗಿನ ನಿಮಿಷ, ಹಿಂದಿನ 4 ನಿಮಿಷ, ಮುಂದಿನ 2 ನಿಮಿಷ, ಇವುಗಳ ಅಲುಗಾಟಕ್ಕೆ ತೂಕ ಕೊಟ್ಟು ಕೂಡುವುದು. ನೋಡಿ, ಇಲ್ಲೂ ‘ಮುಂದಿನ’ ಇದೆ. ಬೆಳಿಗ್ಗೆ ಕೂತು ಹಿಂದಿನ ರಾತ್ರಿಯನ್ನು ಲೆಕ್ಕ ಹಾಕೋಕೆ ಅದು ಸರಿ, ಹಳೇ_ಪೈಥಾನ್ ಹೇಳಿದ ಹಾಗೆ ಭವಿಷ್ಯ ಹೇಳೋಕೆ ಆಗಲ್ಲ. ಈ ವಿದ್ಯೆಯ ದೊಡ್ಡ ಕೊರತೆ ಏನೆಂದರೆ ನಿದ್ದೆ ಮಾಡಿದವರನ್ನು ಚೆನ್ನಾಗಿ ಹಿಡಿಯುತ್ತದೆ, ಎಚ್ಚರ ಇದ್ದು ಸುಮ್ಮನೆ ಮಲಗಿದವರನ್ನೂ ನಿದ್ದೆ ಲೆಕ್ಕಕ್ಕೇ ಹಾಕುತ್ತದೆ. ನಿದ್ದೆ ಬಾರದವರು ಮಾಡುವುದೇ ಅದನ್ನ! ಸೂರು ನೋಡಿಕೊಂಡು ಅಲ್ಲಾಡದೆ ಮಲಗಿರುತ್ತಾರೆ. ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಹೆಚ್ಚು ತಪ್ಪುತ್ತದೆ. ಈಗಿನ ವಾಚುಗಳು ನಾಡಿಬಡಿತವನ್ನೂ ಸೇರಿಸುತ್ತವೆ, ಸ್ವಲ್ಪ ಉತ್ತಮ, ಆದರೂ ಈ ತೊಂದರೆ ಪೂರ್ತಿ ಹೋಗಲ್ಲ.

ಗೋಡೆ ಮೇಲಿನ ಮೋಷನ್ ಸೆನ್ಸರ್ ಕಥೆ ಇದಕ್ಕಿಂತ ಕಷ್ಟ. ಹಾಗಾಗಿ ತಂಗಿ, ನನಗೆ ಒಂದು ಪ್ರಶ್ನೆ. ಆ ಅಮೆರಿಕದ ಡೇಟಾದಲ್ಲಿ ‘ನಿದ್ದೆ’ ಅಂತ ಗುರುತು ಹಾಕಿದ್ದು ಯಾವ ಆಧಾರದ ಮೇಲೆ? ಅವರ ತಲೆಗೆ ಯಾರೂ ವೈರು ಹಾಕಿರಲಿಲ್ಲ ಅಲ್ವಾ?


ಹಳೇ_ಪೈಥಾನ್:

ರಾತ್ರಿಪಾಳಿ ಅವರ ಈ ಪ್ರಶ್ನೆಯೇ ಇಡೀ ಪ್ರಾಜೆಕ್ಟು. ನಾನು ಮೇಲೆ ಬರೆದ ಮೊದಲ ರಾತ್ರಿಯನ್ನು ಮತ್ತೆ ನೋಡಿ. ‘ನಿದ್ದೆ ಶುರು’ ಅನ್ನುವುದು ಕೂತಿರುವುದು ಎಂ003 ಆನ್ ಅನ್ನುವ ಸಾಲಿನ ಮೇಲೆ. ‘ಮುಗಿಯಿತು’ ಅನ್ನುವುದು ಎಂ003 ಆಫ್ ಸಾಲಿನ ಮೇಲೆ. ಗುರುತು ಸೆನ್ಸರ್ ಸಾಲಿಗೇ ಅಂಟಿದೆ. ಆ ಮಾಡೆಲ್ ಕಲಿಯುತ್ತಿರುವುದು ನಿದ್ದೆಯನ್ನಲ್ಲ, ಬೆಡ್‌ರೂಮ್ ಸೆನ್ಸರಿನ ದಿನಚರಿಯನ್ನು.

ಇದಕ್ಕೆ ಹೋಲಿಸಿ ನೋಡೋಕೆ ಇನ್ನೊಂದು ಡೇಟಾ ಹೇಳುತ್ತೇನೆ. ಆಮ್‌ಸ್ಟರ್‌ಡ್ಯಾಮ್ ಯೂನಿವರ್ಸಿಟಿಯ ವ್ಯಾನ್ ಕಾಸ್ಟೆರೆನ್ ಮತ್ತು ಜೊತೆಯವರು 2008ರಲ್ಲಿ ಹೊರಗೆ ತಂದದ್ದು. 26 ವರ್ಷದ ಒಬ್ಬ ಗಂಡಸು, ಮೂರು ಕೋಣೆಯ ಮನೆ, ಬಾಗಿಲು, ಕಪಾಟು, ಫ್ರಿಜ್ಜು, ಫ್ಲಷ್ಷು ಇಂಥವಕ್ಕೆ ಹಾಕಿದ 14 ಸೆನ್ಸರು, 28 ದಿನ. ಗುರುತು ಹಾಕಿದ್ದು ಸೆನ್ಸರ್ ನೋಡಿ ಅಲ್ಲ. ಆತ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಪ್ರತಿ ಕೆಲಸ ಶುರು ಮಾಡುವಾಗಲೂ ಮುಗಿಸುವಾಗಲೂ ಬಾಯಲ್ಲಿ ಹೇಳುತ್ತಿದ್ದ. ಯೋಚನೆ ಮಾಡಿ, ಅಡುಗೆ ಶುರು ಅಂತ ಹೇಳಬಹುದು, ಸ್ನಾನ ಮುಗಿಯಿತು ಅಂತ ಹೇಳಬಹುದು. ‘ಈಗ ನನಗೆ ನಿದ್ದೆ ಬಂತು’ ಅಂತ ಯಾರು ಹೇಳಲು ಸಾಧ್ಯ? ಅದಕ್ಕೇ ಆ ಡೇಟಾದಲ್ಲಿ ಗುರುತಿನ ಹೆಸರೇ ‘ಹಾಸಿಗೆಗೆ ಹೋಗುವುದು’. ನಿದ್ದೆ ಅಂತ ಎಲ್ಲೂ ಇಲ್ಲ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಅದೇ ಪೇಪರಿನಲ್ಲಿ ಇನ್ನೊಂದು ಪಾಠ ಇದೆ. ಸಮಯದ ತುಂಡುಗಳ ಲೆಕ್ಕದಲ್ಲಿ ಅವರ ಅಕ್ಯುರೆಸಿ 95.6, ಆದರೆ ಒಂದೊಂದು ಕೆಲಸಕ್ಕೂ ಸಮ ತೂಕ ಕೊಟ್ಟು ಲೆಕ್ಕ ಹಾಕಿದರೆ 79.4. ಎರಡನ್ನೂ ಅವರೇ ಬರೆದಿದ್ದಾರೆ. ಮಲಗಿರುವುದು, ಮನೆಯಿಂದ ಹೊರಗೆ ಹೋಗಿರುವುದು ಇವೆರಡೇ ದಿನದ ಹೆಚ್ಚಿನ ಪಾಲು ತಿನ್ನುತ್ತವೆ, ಅವು ಸರಿ ಬಂದರೆ ಮೊದಲ ಅಂಕಿ ತಾನಾಗಿ ಏರುತ್ತದೆ. ನಿಮ್ಮ ರಿಪೋರ್ಟಿನಲ್ಲೂ ಒಂದೇ ಅಂಕಿ ಬರೆದು ಬಿಡಬೇಡಿ.

ನಿಮ್ಮ ಅಸಲಿ ಪ್ರಶ್ನೆಗೆ ಬರೋಣ. ‘ಈಗ ಮಲಗಿದ್ದಾರಾ’ ಅನ್ನುವುದು ಒಂದು ಕೆಲಸ. ‘ಇವತ್ತು ಎಷ್ಟಕ್ಕೆ ಮಲಗುತ್ತಾರೆ’ ಅನ್ನುವುದು ಪೂರ್ತಿ ಬೇರೆ ಕೆಲಸ. ಟೈಟಲ್‌ನಲ್ಲಿ ಎರಡನೆಯದು ಇದೆ, ಕೋಡ್‌ನಲ್ಲಿ ಮೊದಲನೆಯದು ಇದೆ. ಎರಡನೆಯದು ಮಾಡಬೇಕು ಅಂದರೆ ಮೊದಲು ಎಂಎಲ್ (ಮಷಿನ್ ಲರ್ನಿಂಗ್) ಮುಟ್ಟಲೇಬೇಡಿ. ಹಿಂದಿನ 14 ದಿನ ಮಲಗಿದ ಹೊತ್ತಿನ ಮೀಡಿಯನ್ (ಸಾಲಾಗಿ ಜೋಡಿಸಿದರೆ ನಡುವೆ ಬರುವ ಅಂಕಿ) ತಗೊಂಡು ಅದನ್ನೇ ಇವತ್ತಿನ ಉತ್ತರ ಅಂತ ಕೊಡಿ. ಎಷ್ಟು ನಿಮಿಷ ತಪ್ಪಿತು ಅಂತ ಸರಾಸರಿ ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮ ಮಾಡೆಲ್ಲು ಇದಕ್ಕಿಂತ ಎಷ್ಟು ನಿಮಿಷ ಉಳಿಸಿತು ಅನ್ನುವುದೇ ಫಲಿತಾಂಶ. ಒಬ್ಬರೇ ಇರುವ ವಯಸ್ಸಾದವರ ದಿನಚರಿ ಗಡಿಯಾರದ ಹಾಗಿದ್ದರೆ ಈ ಬಡ ಮೀಡಿಯನ್ ಅನ್ನು ಸೋಲಿಸುವುದು ನೀವು ಅಂದುಕೊಂಡಷ್ಟು ಸುಲಭ ಅಲ್ಲ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಒಂದು ದಿನ ರಾತ್ರಿ 11:50ಕ್ಕೆ ಮಲಗಿದರು, ಮರುದಿನ 12:10ಕ್ಕೆ. ಕಂಪ್ಯೂಟರಿಗೆ ಇದು 23:50 ಮತ್ತು 0:10. ಸರಾಸರಿ ತೆಗೆದರೆ ಮಧ್ಯಾಹ್ನ 12 ಗಂಟೆ ಬರುತ್ತದೆ! ದಿನವನ್ನು ಮಧ್ಯರಾತ್ರಿಗೆ ಕತ್ತರಿಸದೆ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಕತ್ತರಿಸಿ, ಮಧ್ಯಾಹ್ನದಿಂದ ಎಷ್ಟು ನಿಮಿಷ ಆಯಿತು ಅಂತ ಎಣಿಸಿ. ತೊಂದರೆ ಮುಗಿಯಿತು.

ಇನ್ನೊಂದು ಗುಂಡಿ ನಮ್ಮ ದೇಶದವರಿಗೆ ಹೊಳೆಯುವುದೇ ಇಲ್ಲ. ಅಮೆರಿಕದ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ನಿಮ್ಮ ಡೇಟಾದ ಅವಧಿಯಲ್ಲಿ ಎರಡೂ ಬಂದಿವೆ, 2010ರ ನವೆಂಬರ್ 7 ಮತ್ತು 2011ರ ಮಾರ್ಚ್ 13. ಮಾರ್ಚ್ 13ರ ನಸುಕಿನಲ್ಲಿ ಗಡಿಯಾರ 2 ಆಗುವ ಬದಲು ಸೀದಾ 3ಕ್ಕೆ ಹಾರುತ್ತದೆ. ಅಲ್ಲಿನ ಸ್ಥಳೀಯ ಸಮಯ ಹಾಕಿದ್ದರೆ, ಎದ್ದ ಹೊತ್ತಿನಲ್ಲಿ ಮಲಗಿದ ಹೊತ್ತು ಕಳೆದಾಗ ಆ ರಾತ್ರಿಗೆ ಒಂದು ಗಂಟೆ ಇಲ್ಲದ ನಿದ್ದೆ ಸೇರಿಕೊಳ್ಳುತ್ತದೆ. ಗಡಿಯಾರ ಬದಲಿಸದೆ ಬಿಟ್ಟಿದ್ದರೆ ಆ ದಿನದಿಂದ ಆಚೆಗೆ ಎಲ್ಲವೂ ಒಂದು ಗಂಟೆ ಜರುಗುತ್ತದೆ. ಆ ದಿನಾಂಕದ ಹಿಂದೆಮುಂದೆ ಗ್ರಾಫ್ ಹಾಕಿ ಯಾವುದು ಅಂತ ನೀವೇ ನೋಡಿ.

ಮತ್ತೆ, ಆ ಮನೆಗೆ ಮಕ್ಕಳು ಮೊಮ್ಮಕ್ಕಳು ಬಂದು ಹೋಗುತ್ತಿದ್ದರು. ಮೋಷನ್ ಸೆನ್ಸರಿಗೆ ಅಜ್ಜಿ ಯಾರು ಮೊಮ್ಮಗ ಯಾರು ಗೊತ್ತಾಗಲ್ಲ. ಮಿಲಾನ್ ಮನೆಯಲ್ಲಂತೂ ನಾಯಿ ಬೇರೆ ಇದೆ.


ರಾತ್ರಿಪಾಳಿ:

ಫೀಚರ್ ಅಂತೀರಲ್ಲ, ಅದಕ್ಕೆ ನಮ್ಮ ಕಡೆಯಿಂದ ಒಂದು. ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡಿದ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಒಂದು ಮಾತು ಹೇಳಿದರು, ಈಗಲೂ ನಮಗೆ ಪಾಠದಲ್ಲಿ ಅದೇ. ನಿದ್ದೆಗೆ ಎರಡು ಎಳೆತ. ಒಂದು ಎಷ್ಟು ಹೊತ್ತಿನಿಂದ ಎಚ್ಚರ ಇದ್ದೇವೆ ಅನ್ನುವುದು, ಹೊತ್ತು ಹೋದಷ್ಟೂ ಒತ್ತಡ ಏರುತ್ತದೆ. ಇನ್ನೊಂದು ಮೈಯೊಳಗಿನ ಗಡಿಯಾರ. ಅದಕ್ಕೆ ಬೆಳಿಗ್ಗೆ ಎದ್ದು ಎಷ್ಟು ಗಂಟೆ ಆಯಿತು, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದ್ದರು, ಇವೆರಡನ್ನೂ ಸೇರಿಸಿ ನೋಡಿ. ಊಟ ಮಾಡಿ ಒಂದು ಗಂಟೆ ಅಡ್ಡಾದವರಿಗೆ ರಾತ್ರಿ ಹತ್ತಕ್ಕೆ ನಿದ್ದೆ ಬಾ ಅಂದರೆ ಬರುತ್ತದಾ?


ರಾಯಚೂರು_ಬಿಸಿಲು:

ತಡವಾಗಿ ಬಂದೆ, ಆದರೆ ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು ನಾನು, ಹೇಳಲೇಬೇಕು.

ಅವ್ವ ಅಪ್ಪ ರಾಯಚೂರಿನಲ್ಲಿ ಇಬ್ಬರೇ. ನಾನು ಪುಣೆಯಲ್ಲಿ. ಎರಡು ವರ್ಷದ ಹಿಂದೆ ಅಪ್ಪನಿಗೆ ರಾತ್ರಿ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು, ಬೆಳಿಗ್ಗೆಯವರೆಗೆ ನನಗೆ ಗೊತ್ತಾಗಲಿಲ್ಲ. ಆವಾಗಿಂದ ತಲೆಗೆ ಹೊಕ್ಕಿತು. ಕ್ಯಾಮೆರಾ ಅಂದರೆ ಅವ್ವ ಒಪ್ಪಲ್ಲ. ಹಾಗಾಗಿ ಅಗ್ಗದ ಎಚ್‌ಸಿ-ಎಸ್‌ಆರ್501 ಮೋಷನ್ ಸೆನ್ಸರು, ಇಎಸ್‌ಪಿ8266 ವೈಫೈ ಬೋರ್ಡು, ಎಲ್ಲವನ್ನೂ ಒಂದೆಡೆ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್. ಹಾಲಿಗೆ, ಬೆಡ್‌ರೂಮಿಗೆ, ಅಡುಗೆಮನೆಗೆ, ಬಚ್ಚಲ ಬಾಗಿಲಿಗೆ ಒಂದೊಂದು. ಬೆಳಿಗ್ಗೆ 7ರವರೆಗೆ ಅಡುಗೆಮನೆಯಲ್ಲಿ ಯಾರೂ ಓಡಾಡದಿದ್ದರೆ ನನಗೆ ಮೆಸೇಜು. ಎಂಎಲ್ ಅಂತ ಹೇಳಿಕೊಳ್ಳಲು ಆಮೇಲೆ ಒಂದು ಮಾಡೆಲ್ಲೂ ಹಾಕಿದೆ, ಮೂರು ತಿಂಗಳ ಡೇಟಾ ಕಲಿಸಿ.

ಮೊದಲ ಪಾಠ ಕರೆಂಟು. ಕರೆಂಟು ಹೋದರೆ ರೂಟರ್ ಹೋಗುತ್ತದೆ, ರೂಟರ್ ಹೋದರೆ ಡೇಟಾ ನಿಲ್ಲುತ್ತದೆ, ಡೇಟಾ ನಿಂತರೆ ನನ್ನ ಮಾಡೆಲ್ ‘ಇಬ್ಬರೂ ಗಾಢ ನಿದ್ದೆ’ ಅನ್ನುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ! ಅವರಿಬ್ಬರೂ ಬಾಗಿಲಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಆಮೇಲೆ ಪ್ರತಿ ಬೋರ್ಡೂ ನಿಮಿಷಕ್ಕೊಂದು ಸಲ ‘ನಾನಿದ್ದೇನೆ’ ಅಂತ ಹೇಳುವಂತೆ ಮಾಡಿದೆ. ಸದ್ದಿಲ್ಲ ಅನ್ನುವುದು ಬೇರೆ, ಸೆನ್ಸರೇ ಇಲ್ಲ ಅನ್ನುವುದು ಬೇರೆ. ಇದನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಇಡದಿದ್ದರೆ ಮಿಕ್ಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಎರಡನೆಯದು ಹಲ್ಲಿ. ರಾತ್ರಿ ಸೆನ್ಸರಿನ ಆ ಬಿಳಿ ಗುಂಡು ಮುಖದ ಮೇಲೇ ಓಡಾಡುತ್ತದೆ, ಹುಳ ಹಿಡಿಯೋಕೆ. ಅಡುಗೆಮನೆಯಲ್ಲಿ ರಾತ್ರಿ ಎರಡಕ್ಕೆ ಚಲನೆ ಅಂತ ಬರುತ್ತಿತ್ತು. ಅವ್ವನಿಗೆ ಕೇಳಿದರೆ ‘ನಾ ಯಾಕ ಏಳ್ಲಿ ಆ ಹೊತ್ತಿನ್ಯಾಗ’ ಅಂತ ಬೈದಳು. ಬೋರ್ಡಿನ ಮೇಲೆ ಎರಡು ಸಣ್ಣ ತಿರುಪು ಇರುತ್ತವೆ, ಒಂದು ಎಷ್ಟು ದೂರ ನೋಡಬೇಕು ಅನ್ನುವುದಕ್ಕೆ, ಇನ್ನೊಂದು ಎಷ್ಟು ಹೊತ್ತು ಆನ್ ಇರಬೇಕು ಅನ್ನುವುದಕ್ಕೆ. ಅವನ್ನು ತಿರುಗಿಸಿ ತಿರುಗಿಸಿ ಸಾಕಾಯಿತು, ಹಲ್ಲಿಗೆ ಅದರಿಂದ ಏನೂ ಆಗಲಿಲ್ಲ. ಕೊನೆಗೆ ಒಂದು ಪಕ್ಕದ ಸೆನ್ಸರೂ ಜೊತೆಗೆ ಆನ್ ಆದರೆ ಮಾತ್ರ ಮನುಷ್ಯ ಅಂತ ಲೆಕ್ಕ ಹಾಕುವಂತೆ ಮಾಡಿದೆ.

ಮೂರನೆಯದು ಬಿಸಿಲು. ಈ ಸೆನ್ಸರು ನೋಡುವುದು ಮೈಯ ಶಾಖವನ್ನು, ಅದೂ ಸುತ್ತಲಿನ ಶಾಖಕ್ಕಿಂತ ಬೇರೆ ಇದ್ದರೆ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಗೋಡೆಯೇ ಮೈಯಷ್ಟು ಕಾದಿರುತ್ತದೆ. ಆಗ ಅಪ್ಪ ಎದುರಿಗೇ ನಡೆದು ಹೋದರೂ ಅದಕ್ಕೆ ಕಾಣುವುದು ಕಷ್ಟ. ಚಳಿಗಾಲದ ಡೇಟಾದಲ್ಲಿ ಕಲಿತ ಮಾಡೆಲ್ಲು ಬೇಸಿಗೆಯಲ್ಲಿ ಕುರುಡಾಯಿತು.

ಅಷ್ಟರಲ್ಲೇ ಆ ಏಪ್ರಿಲ್ ದಿನ. ರಾತ್ರಿಯೆಲ್ಲ ಬೆಡ್‌ರೂಮಿನಲ್ಲಿ ಒಂದೂ ಈವೆಂಟು ಇಲ್ಲ, ಹಾಲಿನಲ್ಲೂ ಇಲ್ಲ, ಬೆಳಿಗ್ಗೆ 7ಕ್ಕೆ ಅಡುಗೆಮನೆಯಲ್ಲೂ ಇಲ್ಲ. ಬೋರ್ಡುಗಳು ಮಾತ್ರ ‘ನಾನಿದ್ದೇನೆ, ನಾನಿದ್ದೇನೆ’ ಅನ್ನುತ್ತಿವೆ. ಫೋನ್ ಮಾಡಿದರೆ ಎತ್ತುತ್ತಿಲ್ಲ, ಇಬ್ಬರೂ. ನನ್ನ ಕೈಕಾಲು ತಣ್ಣಗಾಯಿತು. ಪಕ್ಕದ ಮನೆ ಕಾಕಾಗೆ ಫೋನ್ ಮಾಡಿ ಬಾಗಿಲು ಬಡಿಯಿರಿ ಅಂದೆ. ಆತ ಬಡಿದ, ಒಳಗಿಂದ ಉತ್ತರ ಇಲ್ಲ. ಆಮೇಲೆ ಮೇಲಿಂದ ಅವ್ವನ ದನಿ, ‘ಯಾರ‍್ರೀ ಅದು?’

ಸೆಕೆ ಅಂತ ಹಾಸಿಗೆ ಎತ್ತಿಕೊಂಡು ಮಾಳಿಗೆ ಮೇಲೆ ಹೋಗಿ ಮಲಗಿದ್ದರು. ಪ್ರತಿ ಬೇಸಿಗೆಯೂ ಮಲಗುತ್ತಾರೆ. ನಾನೂ ಹುಡುಗನಿದ್ದಾಗ ಅಲ್ಲೇ ಮಲಗಿ ಬೆಳೆದವನು. ಸೆನ್ಸರ್ ಹಾಕುವಾಗ ಅದೊಂದು ನೆನಪಿಗೆ ಬರಲಿಲ್ಲ ನೋಡಿ. ಮನೆ ಅಂದರೆ ಬೆಡ್‌ರೂಮು, ನಿದ್ದೆ ಅಂದರೆ ಮಂಚ ಅಂತ ಬೇರೆಯವರ ಮನೆಯ ನಕ್ಷೆ ನೋಡಿ ಹಾಕಿಬಿಟ್ಟಿದ್ದೆ.


ಸುಮ್ನೆ_ಓದೋನು:

ಅಣ್ಣ ನಿಮ್ಮ ಕಥೆ ಓದುವಾಗ ನನ್ನ ಕೈಕಾಲೂ ತಣ್ಣಗಾಯಿತು. ಈಗ ಮಾಳಿಗೆ ಮೇಲೂ ಒಂದು ಸೆನ್ಸರ್ ಹಾಕಿದಿರಾ?


ರಾಯಚೂರು_ಬಿಸಿಲು:

ಇಲ್ಲ. ಬೆಕ್ಕು, ಪಾರಿವಾಳ, ಒಣಗಿಸಿದ ಸೀರೆ ಎಲ್ಲ ಆನ್ ಮಾಡುತ್ತವೆ. ಮಾಳಿಗೆ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್ ಒಂದು ಹಾಕಿದೆ. ರಾತ್ರಿ ಅದು ತೆರೆದು, ಮನೆಯೊಳಗೆ ಸದ್ದು ನಿಂತರೆ, ಮೇಲೆ ಇದ್ದಾರೆ ಅಂತ ಅರ್ಥ. ಇದಕ್ಕೆ ಎಂಎಲ್ ಬೇಕಾಗಲಿಲ್ಲ.


ಎಂಟೆಕ್_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಕೂತು ಎಲ್ಲ ಮತ್ತೆ ಮಾಡಿದೆ. ಮುಂದಿನ ಮೌನದ ಫೀಚರ್ ತೆಗೆದೆ, ದಿನದ ಪ್ರಕಾರ ಒಡೆದೆ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸಿದೆ. 97 ಎಲ್ಲಿ ಹೋಯಿತೋ ಕಾಣಲ್ಲ. 14 ದಿನದ ಮೀಡಿಯನ್ ಅನ್ನು ಎದ್ದ ಹೊತ್ತಿನಲ್ಲಿ ನನ್ನ ಮಾಡೆಲ್ ಇನ್ನೂ ಸೋಲಿಸಿಲ್ಲ. ಮಲಗುವ ಹೊತ್ತಿನಲ್ಲಿ ಸ್ವಲ್ಪ ಗೆದ್ದಿದೆ, ಅದೂ ಒಂದು ಕಾರಣಕ್ಕೆ. ಸಂಜೆ 6ಕ್ಕೆ ಒಂದೇ ಸಲ ಹೇಳಿ ಸುಮ್ಮನಾಗುವ ಬದಲು ಅರ್ಧ ಗಂಟೆಗೊಮ್ಮೆ ‘ಇನ್ನೂ ಮಲಗಿಲ್ಲ’ ಅನ್ನುವುದನ್ನೂ ಕೊಟ್ಟು ಮತ್ತೆ ಕೇಳಿದೆ. ಹತ್ತೂವರೆ ಆದರೂ ಅಡುಗೆಮನೆಯಲ್ಲಿ ಓಡಾಟ ಇದ್ದರೆ ಇವತ್ತು ತಡ ಅಂತ ಅದಕ್ಕೂ ಗೊತ್ತಾಗುತ್ತದೆ.

ಗೈಡ್ ಹತ್ತಿರ ಹೋಗಿ ಹೇಳಿದೆ. ಮೊದಲು ಮುಖ ಸಣ್ಣದಾಯಿತು. ಆಮೇಲೆ ಆ ಮೊದಲ ರಾತ್ರಿಯ ಸಾಲುಗಳನ್ನು ಪ್ರಿಂಟ್ ತೆಗೆದು ಮುಂದಿಟ್ಟೆ, ಐದು ನಿಮಿಷ ಓದಿದರು. ಟೈಟಲ್‌ನಲ್ಲಿ ‘ನಿದ್ದೆ’ ತೆಗೆದು ‘ಹಾಸಿಗೆಯಲ್ಲಿರುವ ಹೊತ್ತು’ ಅಂತ ಹಾಕೋಕೆ ಒಪ್ಪಿದ್ದಾರೆ. ಎಲ್‌ಎಸ್‌ಟಿಎಂ ಮಾತ್ರ ಬೇಕೇ ಬೇಕಂತೆ, ಒಂದು ಚಾಪ್ಟರಿಗಾದರೂ.

ರಾಯಚೂರು ಅಣ್ಣ, ಒಂದು ಕೇಳಲಾ? ನಿಮ್ಮ ಮನೆ ಡೇಟಾ ಕೊಡುತ್ತೀರಾ? ಹೆಸರು ಊರು ಏನೂ ಹಾಕಲ್ಲ. ನಮ್ಮ ಕಡೆಯ ಮನೆಯ ಡೇಟಾ ಎಲ್ಲೂ ಸಿಗುತ್ತಿಲ್ಲ.


ರಾಯಚೂರು_ಬಿಸಿಲು:

ನನ್ನದಾಗಿದ್ದರೆ ಈಗಲೇ ಕೊಡುತ್ತಿದ್ದೆ. ಅದು ಅವರದ್ದು, ಅವರಿಗೆ ಕೇಳಿ ಹೇಳುತ್ತೇನೆ.

ತಿದ್ದುಪಡಿ: ಸಂಜೆ ಫೋನ್ ಮಾಡಿದ್ದೆ. ಅಪ್ಪ ‘ಹುಡುಗಿ ಓದಿಗೆ ಅಂದ್ರ ಕೊಡು’ ಅಂದರು. ಅವ್ವ, ‘ನಾ ರಾತ್ರಿ ಎಷ್ಟು ಸಲ ಎದ್ದೆ ಅನ್ನೋದು ದಾವಣಗೇರಿ ತನಕ ಯಾಕ ಹೋಗ್ಬೇಕು’ ಅಂದಳು. ಹಾಗಾಗಿ ಹಾಲ್, ಅಡುಗೆಮನೆ ಮತ್ತು ಮಾಳಿಗೆ ಬಾಗಿಲಿನದು ಕೊಡುತ್ತೇನೆ. ಬೆಡ್‌ರೂಮು, ಬಚ್ಚಲದ್ದು ಕೊಡಲ್ಲ. ಕರೆಂಟ್ ಹೋದ ಹೊತ್ತಿನ ಪಟ್ಟಿ ಬೇರೆ ಫೈಲಿನಲ್ಲಿ ಇದೆ, ಅದನ್ನು ಸೇರಿಸದೆ ಓಡಿಸಬೇಡಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸರಿ ಇದೆ. ಮಾರ್ಚ್ ಆದಮೇಲೆ ಹಾಸಿಗೆ ಮೇಲೆ ಹೋಗಿರುತ್ತದೆ.